ವರ್ಷದ ಫೀ ತುಂಬುವ ಮುಂಚೆ

ತಂಗಿ, ಎರಡನೇ ಇಯತ್ತೆಯ ಮಗನನ್ನು ಪುಣೆಯ ಎನ್‌ಐಬಿಎಂ ರಸ್ತೆಯ ಯಾವುದೋ ಕ್ಲಾಸಿಗೆ ಹಾಕುವ ವಿಚಾರದಲ್ಲಿದ್ದೀಯಂತೆ. ವಾರಕ್ಕೆ ಐದು ದಿನ, ಸಂಜೆ ಎರಡು ತಾಸು, ಎಲ್ಲ ವಿಷಯಗಳು. ಇಡೀ ವರ್ಷದ ಫೀ ಒಮ್ಮೆಗೇ ತುಂಬಿದರೆ ರಿಯಾಯಿತಿ ಬೇರೆ. ಬೇಡ ಅನ್ನಲು ನಾನು ಬಂದಿಲ್ಲ. ಒಂದು ಮಾತು ಮಾತ್ರ ಕೇಳುತ್ತೇನೆ. ಅವನಿಗೆ ಪಾಠ ಬೇಕಾಗಿದೆಯೋ, ನೀವಿಬ್ಬರೂ ಮನೆ ಸೇರುವ ತನಕ ಅವನನ್ನು ನೋಡಿಕೊಳ್ಳುವವರು ಬೇಕಾಗಿದ್ದಾರೋ?

ನೋಡಿಕೊಳ್ಳುವವರೇ ಬೇಕಿದ್ದರೆ ಸಂಕೋಚ ಯಾಕೆ? ಗಂಡ ಹಿಂಜವಡಿಗೆ, ನೀನು ಮಗರಪಟ್ಟಾಕ್ಕೆ. ಅಜ್ಜಿ ಊರಲ್ಲಿ. ಅದಕ್ಕೆಂದೇ ಪಾಳಣಾಘರಗಳಿವೆ. ಅಲ್ಲಿ ಕೂಸು ಏನಾದರೂ ತಿನ್ನುತ್ತದೆ, ಒಂದು ಗಳಿಗೆ ಮಲಗುತ್ತದೆ, ಆಡುತ್ತದೆ. ಅದೇ ಕೆಲಸವನ್ನು ಟ್ಯೂಶನ್ ಹೆಸರಿನಲ್ಲಿ ಮಾಡಿಸಿದರೆ, ಇಡೀ ದಿನ ಬೆಂಚಿನ ಮೇಲೆ ಕೂತು ಬಂದ ಏಳು ವರ್ಷದ ಹುಡುಗ ಮತ್ತೆ ಬೆಂಚಿನ ಮೇಲೇ ಕೂರಬೇಕು.

ಪಾಠವೇ ಬೇಕು ಅನ್ನುತ್ತೀಯಾದರೆ, ಯಾವ ಪಾಠ? ಮೊದಲು ಅವನ ನೋಟ್‌ಬುಕ್ ತೆಗೆದು ನೋಡು. ಮರಾಠಿ ಪಾಠದಲ್ಲಿ ಅಂಕಿ ಹೇಳಿ ಬರೆಸಿದಾಗ 21ರ ಬದಲು 12 ಬರೆದಿದ್ದರೆ ಗಣಿತವೇ ತಲೆಗೆ ಹತ್ತುತ್ತಿಲ್ಲ ಎಂದು ಗಾಬರಿಯಾಗಬೇಡ. ಮನೆಯಲ್ಲಿ ಅವನು ಕೇಳುವುದು ‘ಇಪ್ಪತ್ತೊಂದು’. ಇಪ್ಪತ್ತು ಮೊದಲು, ಒಂದು ಆಮೇಲೆ, ಬರೆಯುವುದೂ ಹಾಗೆಯೇ. ಮರಾಠಿಯಲ್ಲಿ ‘ಏಕವೀಸ್’ ಅಂದಾಗ ಕಿವಿಗೆ ಮೊದಲು ಬೀಳುವುದು ಒಂದು, ಕೈಯೂ ಮೊದಲು ಒಂದನ್ನೇ ಬರೆಯುತ್ತದೆ. ‘ಏಕೋಣಚಾಳೀಸ್’ ಬಂದರಂತೂ ಮುಗಿಯಿತು. ನಲವತ್ತಕ್ಕೆ ಒಂದು ಕಡಿಮೆ ಎಂದು ಬಿಡಿಸಿ ಹೇಳುವವರಿಲ್ಲದಿದ್ದರೆ 39 ಅವನಿಗೆ ಹೊಳೆಯುವುದಾದರೂ ಹೇಗೆ? ಮರಾಠಿ ಮನೆಯ ಮಕ್ಕಳಿಗೂ ಇದು ತೊಡಕೇ. 2019ರಲ್ಲಿ ರಾಜ್ಯದ ಪಠ್ಯಪುಸ್ತಕ ಸಂಸ್ಥೆ ಬಾಲಭಾರತಿಯವರು ಇದೇ ಎರಡನೇ ಇಯತ್ತೆಯ ಗಣಿತ ಪುಸ್ತಕದಲ್ಲಿ ‘ವೀಸ್ ಏಕ್’ ಎಂದು ಓದುವ ಕ್ರಮ ತಂದರು. ಮಹಾರಾಷ್ಟ್ರದಲ್ಲೆಲ್ಲ ಗದ್ದಲವೋ ಗದ್ದಲ. ಗಣಿತಜ್ಞೆ ಮಂಗಳಾ ನಾರಳೀಕರ್ ಮಾತ್ರ ಮಕ್ಕಳಿಗೆ ಇದೇ ಸುಲಭ ಎಂದು ಗಟ್ಟಿಯಾಗಿ ನಿಂತರು. ನಾವು ಕನ್ನಡದವರು ಎಂದಿನಿಂದಲೂ ಹಾಗೆಯೇ ಎಣಿಸುತ್ತಿದ್ದೇವೆ ಎಂದು ಆಗ ನನಗೆ ಒಳಗೊಳಗೇ ಸ್ವಲ್ಪ ಜಂಬವೂ ಆಯಿತೆನ್ನು.

ಈ ತಪ್ಪು ತಿದ್ದಲು ಕ್ಲಾಸು ಬೇಡ. ಕಸಬರಿಗೆಯ ಕಡ್ಡಿಗಳನ್ನು ಹತ್ತು ಹತ್ತರಂತೆ ರಬ್ಬರ್‌ಬ್ಯಾಂಡ್ ಹಾಕಿ ಕಟ್ಟು. ಎರಡು ಕಟ್ಟು, ಒಂದು ಬಿಡಿ ಕಡ್ಡಿ ಮುಂದಿಟ್ಟು ಮೊದಲು ಕನ್ನಡದಲ್ಲಿ ಹೇಳಿಸು, ಆಮೇಲೆ ಮರಾಠಿಯಲ್ಲಿ, ಆಮೇಲೆ ಬರೆಸು. ಅನ್ನಕ್ಕಿಟ್ಟು ಕುಕ್ಕರ್ ಕೂಗುವಷ್ಟು ಹೊತ್ತು ಸಾಕು.

ಮರಾಠಿಯ ಮಾತೇ ಬೇರೆ, ಅಲ್ಲಿ ನಿನಗೆ ಒಬ್ಬರ ನೆರವು ಬೇಕು. 2020ರ ಕಾಯ್ದೆಯ ಪ್ರಕಾರ ಮಹಾರಾಷ್ಟ್ರದಲ್ಲಿ ಯಾವ ಬೋರ್ಡಿನ ಶಾಲೆಯಾದರೂ ಮರಾಠಿ ಕಲಿಸಲೇಬೇಕು. ಸದಾಶಿವ ಪೇಠೆಯಲ್ಲಿ ಬೆಳೆಯುವ ಕನ್ನಡದ ಮಗು ಅದನ್ನು ವಾಡೆಯ ಅಂಗಳದಲ್ಲೇ ಕಲಿತುಬಿಡುತ್ತದೆ. ನಮ್ಮ ಕೊಂಢವಾದಲ್ಲಿ ಹಾಗಲ್ಲ. ಕೌಸರ್ ಬಾಗ್ ಇರಲಿ, ಉಂಡ್ರಿ ಇರಲಿ, ಸೊಸಾಯಿಟಿಯ ಕೆಳಗೆ ಆಡುವ ಮಕ್ಕಳದು ಹೆಚ್ಚಾಗಿ ಹಿಂದಿ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಇಂಗ್ಲಿಷ್. ಮರಾಠಿ ಅವನ ಪಾಲಿಗೆ ಪುಸ್ತಕದಲ್ಲಷ್ಟೇ ಉಳಿದಿದೆ. ನಮ್ಮ ಕನ್ನಡದಲ್ಲಿ ಬಾಗಿಲು, ಕಿಟಕಿ, ಮನೆ ಎಲ್ಲವೂ ‘ಅದು’. ಮರಾಠಿಯಲ್ಲಿ ‘ತೋ ದರವಾಜಾ’, ‘ತೀ ಖಿಡಕೀ’, ‘ತೇ ಘರ್’. ಬರೆದು ಬರೆದು ಉರು ಹೊಡೆದರೆ ಇದು ಬರುವುದಿಲ್ಲ, ಕೇಳಿ ಕೇಳಿ ಬರಬೇಕು. ನಿನ್ನ ಬಿಲ್ಡಿಂಗಿನಲ್ಲೋ ಪಕ್ಕದ್ದರಲ್ಲೋ ನಿವೃತ್ತರಾದ ಮರಾಠಿ ಬಾಯಿ ಒಬ್ಬರು ಇದ್ದಾರೇನೋ ವಿಚಾರಿಸು. ವಾರಕ್ಕೆ ಎರಡು ದಿನ, ಒಂದೊಂದು ತಾಸು. ಕತೆ ಹೇಳಲಿ, ಮಾತಾಡಿಸಲಿ, ಆಮೇಲೆ ಅಕ್ಷರ. ಇದಕ್ಕೆ ದುಡ್ಡು ಕೊಡು, ಚೌಕಾಸಿ ಮಾಡದೆ ಕೊಡು.

ಅವನ ಶಾಲೆಯ ಟೀಚರೇ ‘ಮನೆಗೆ ಕಳಿಸಿ, ನಾನೇ ಹೇಳಿಕೊಡುತ್ತೇನೆ’ ಅಂದರೆ ನಯವಾಗಿ ತಪ್ಪಿಸಿಕೊ. 2009ರ ಶಿಕ್ಷಣ ಹಕ್ಕು ಕಾಯ್ದೆಯ 28ನೇ ಕಲಮು ಶಿಕ್ಷಕರು ಖಾಸಗಿ ಟ್ಯೂಶನ್ ಮಾಡುವಂತಿಲ್ಲ ಎನ್ನುತ್ತದೆ. ದೂರದ ಕ್ಲಾಸೂ ಬೇಡ. ಸಂಜೆ ಜ್ಯೋತಿ ಚೌಕ, ಖಡಿ ಮಷೀನ್ ಚೌಕ ದಾಟುವುದು ನಿನಗೇ ಸಾಕುಬೇಕಾಗುತ್ತದೆ. ರಿಕ್ಷಾದಲ್ಲಿ ತೂಕಡಿಸುತ್ತ ಬಂದ ಮಗುವಿಗೆ ಏನು ಪಾಠ ಹತ್ತೀತು?

‘ಎಲ್ಲರೂ ಹಾಕಿದ್ದಾರೆ’ ಅನ್ನುವವರ ಮಾತು ಕಿವಿಗೆ ಹಾಕಿಕೊಳ್ಳಬೇಡ. 2025ರ ಕೇಂದ್ರ ಸರಕಾರದ ಸಮೀಕ್ಷೆಯಲ್ಲಿ ನಗರಗಳಲ್ಲಿ ಖಾಸಗಿ ಕೋಚಿಂಗ್ ಪಡೆದ ವಿದ್ಯಾರ್ಥಿಗಳು ಶೇ. 30.7 ಮಾತ್ರ. ದೊಡ್ಡ ಪರೀಕ್ಷೆಗೆ ಕೂರುವ ಹುಡುಗರೂ ಆ ಲೆಕ್ಕದೊಳಗೇ ಬಂದರು.

ಫೀ ವಿಷಯದಲ್ಲಿ ಗಟ್ಟಿಯಾಗಿರು. ಮಗು ನಡುವೆ ಬಿಟ್ಟರೆ ಉಳಿದ ಅವಧಿಯ ಹಣವನ್ನು 10 ದಿನದೊಳಗೆ ಹಿಂದಿರುಗಿಸಬೇಕೆಂದು ಜನವರಿ 2024ರ ಕೇಂದ್ರದ ಮಾರ್ಗಸೂಚಿ ಹೇಳುತ್ತದೆ, ನಿಜ. ಆದರೆ ಅದು 50ಕ್ಕಿಂತ ಹೆಚ್ಚು ಮಕ್ಕಳಿರುವ ಕೋಚಿಂಗ್‌ಗೆ. ಫ್ಲ್ಯಾಟಿನ ಹಾಲಿನಲ್ಲಿ ನಡೆಯುವ ಹತ್ತು ಮಕ್ಕಳ ಕ್ಲಾಸಿಗೆ ತಾಗುವುದಿಲ್ಲ. ಅಲ್ಲಿ ಕೊಟ್ಟ ದುಡ್ಡು ಕೊಟ್ಟಂತೆಯೇ. ಆದ್ದರಿಂದ ತಿಂಗಳ ಲೆಕ್ಕ ಇಟ್ಟುಕೊ. ಮೊದಲ ತಿಂಗಳು ಮುಗಿದಾಗ ಮಾರ್ಕು ನೋಡಬೇಡ. ಕೆಳಗಿನ ಭಾಜಿಯವಳ ಹತ್ತಿರ ಕರೆದೊಯ್ದು ಒಂದು ಕಟ್ಟು ಕೊತ್ತಂಬರಿಯನ್ನು ಅವನ ಬಾಯಲ್ಲೇ ಮರಾಠಿಯಲ್ಲಿ ಕೇಳಿಸು. ಕೇಳಿದನೋ, ಮುಂದುವರಿಸು. ನಿನ್ನ ಸೆರಗಿನ ಹಿಂದೆ ನಿಂತನೋ, ಬೇರೆಯವರನ್ನು ಹುಡುಕು. ವರ್ಷದ ಫೀ ಮಾತ್ರ ಈಗಲೇ ತುಂಬಬೇಡ.