ಇಂಟರ್ನ್‌ಶಿಪ್ ಬಾಂಡ್: ಸಹಿ ಹಾಕಿ ಆಯ್ತು, ಇನ್ನೇನು ದಾರಿ?

ಆರನೇ ಸೆಮಿಸ್ಟರ್ ಮುಗಿಯೋ ಹೊತ್ತಿಗೆ ನಮ್ಮ ಕ್ಯಾಂಟೀನಿನಲ್ಲಿ ಒಂದೇ ಪ್ರಶ್ನೆ: "ಮಗಾ, ಇಂಟರ್ನ್‌ಶಿಪ್ ಸಿಕ್ತಾ?" ಸಿಕ್ಕಿದವರಲ್ಲಿ ಕೆಲವರ ಪ್ರಶ್ನೆ ಎರಡೇ ತಿಂಗಳಲ್ಲಿ ಬದಲಾಗುತ್ತೆ: "ಮಗಾ, ಇದನ್ನ ಬಿಡೋದು ಹೇಗೋ?"

ಹೆಬ್ಬಾಳದ ಫ್ಲೈಓವರ್ ದಾಟಿ ಮಾನ್ಯತಾ ಟೆಕ್ ಪಾರ್ಕಿಗೆ ಹೋಗುವವರಿರಲಿ, ಯಶವಂತಪುರದಾಚೆ ಪೀಣ್ಯದ ಶೆಡ್ಡಿಗೆ ಹೋಗುವವರಿರಲಿ, ಯಲಹಂಕ ನ್ಯೂ ಟೌನಿನ ಮೂರನೇ ಮಹಡಿಯ ಸ್ಟಾರ್ಟಪ್ಪಿಗೆ ಹೋಗುವವರಿರಲಿ, ಕಷ್ಟ ಹೆಚ್ಚುಕಡಿಮೆ ಒಂದೇ. ಹೇಳಿದ ಕೆಲಸ ಒಂದು, ಕೊಟ್ಟ ಕೆಲಸ ಇನ್ನೊಂದು. ಬಿಡೋಣ ಅಂದ್ರೆ ಛಾಪಾ ಕಾಗದದ ಮೇಲೆ ಸಹಿ ಇದೆ. ವಿಟಿಯು 2022ರ ಸ್ಕೀಮಿನಲ್ಲಿ ಕೊನೇ ವರ್ಷದ ಇಂಟರ್ನ್‌ಶಿಪ್ 14ರಿಂದ 20 ವಾರ, 10 ಕ್ರೆಡಿಟ್. ಅಂದ್ರೆ ದುಡುಕಿದರೆ ಡಿಗ್ರಿಗೇ ಪೆಟ್ಟು. ಸುಮ್ಮನಿದ್ದರೆ ಅರ್ಧ ವರ್ಷ ವ್ಯರ್ಥ. ಹಾಗಾಗಿ ವಿಷಯವನ್ನ ಒಂದೊಂದಾಗಿ ಬಿಡಿಸಿ ನೋಡೋಣ.

1. ಬೇಸರ ಯಾವ ಥರದ್ದು?

ಎಲ್ಲ ಬೇಸರವೂ ಒಂದೇ ಅಲ್ಲ. ಮೂರು ಥರ ಮಾಡ್ಕೊಳ್ಳಿ.

ಮೊದಲನೇದು, ಕೆಲಸ ಸಪ್ಪೆ. ಎಕ್ಸೆಲ್ ಶೀಟ್ ತುಂಬೋದು, ಟೆಸ್ಟ್ ಕೇಸ್ ಓಡಿಸೋದು. ಇದು ಬಾಂಡ್ ಮುರಿಯೋ ಕಾರಣ ಅಲ್ಲ. ಅದೇ ಎಕ್ಸೆಲ್ ಕೆಲಸವನ್ನ ಪೈಥಾನ್ ಸ್ಕ್ರಿಪ್ಟಿನಲ್ಲಿ ಮಾಡಿ ತೋರಿಸಿದರೆ ವೈವಾದಲ್ಲಿ ಹೇಳೋಕೆ ಒಂದು ವಿಷಯ ಸಿಕ್ಕ ಹಾಗೆ.

ಎರಡನೇದು, ಮಾತು ತಪ್ಪಿದ್ದು. ಆಫರ್ ಲೆಟರಿನಲ್ಲಿ ಎಂಬೆಡೆಡ್ ಅಂತಿತ್ತು, ಕೂರಿಸಿದ್ದು ಸೇಲ್ಸ್ ಕಾಲ್‌ಗೆ. ಸ್ಟೈಪೆಂಡ್ ಬರ್ತಿಲ್ಲ, ಮೆಂಟರ್ ಅನ್ನೋರೇ ಇಲ್ಲ. ಇದನ್ನ ಬರಹದಲ್ಲಿ ಎತ್ತಬೇಕು.

ಮೂರನೇದು, ಸಹಿಸಲೇಬಾರದ್ದು. ಒರಿಜಿನಲ್ ಮಾರ್ಕ್ಸ್‌ಕಾರ್ಡ್ ಇಟ್ಕೊಂಡಿದ್ದಾರೆ, ಅಥವಾ ಕಿರುಕುಳ ಇದೆ. ಇಲ್ಲಿ ಕಾಯೋ ಮಾತೇ ಇಲ್ಲ. ಕೆಲಸದ ಸ್ಥಳದ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ಟ್ರೈನಿಗಳಿಗೂ ಅನ್ವಯಿಸುತ್ತೆ. ಹತ್ತು ಅಥವಾ ಹೆಚ್ಚು ಜನ ಇರುವ ಕಂಪನಿಯಲ್ಲಿ ಆಂತರಿಕ ಸಮಿತಿ ಇರಲೇಬೇಕು.

2. ಸಹಿ ಹಾಕಿದ್ದು ಏನಕ್ಕೆ?

ತಮಾಷೆ ಅನ್ನಿಸಬಹುದು, ಆದರೆ ಬಾಂಡ್ ಪೂರ್ತಿ ಓದಿದವರು ಕಮ್ಮಿ. ಈಗಲಾದರೂ ಕೂತು ಓದಿ. ನಿಮ್ಮ ಹತ್ರ ಪ್ರತಿ ಇಲ್ಲದಿದ್ರೆ ಎಚ್‌ಆರ್ ಹತ್ರ ಮೇಲ್‌ನಲ್ಲಿ ಕೇಳಿ. ಐದು ವಿಷಯ ಹುಡುಕಿ: ಅವಧಿ ಎಷ್ಟು, ನೋಟಿಸ್ ಎಷ್ಟು ದಿನ, ಮಧ್ಯದಲ್ಲಿ ಬಿಟ್ಟರೆ ಎಷ್ಟು ಹಣ, ಕಂಪನಿ ಕೊಡ್ತೀನಿ ಅಂದಿದ್ದು ಏನು, ಇನ್ನು ಯಾರು ಯಾರು ಸಹಿ ಹಾಕಿದ್ದಾರೆ.

ಕೊನೇದು ಮುಖ್ಯ. ಎಷ್ಟೋ ಬಾಂಡ್‌ಗಳಲ್ಲಿ ಅಪ್ಪ ಅಥವಾ ಅಮ್ಮ ಜಾಮೀನುದಾರರಾಗಿ ಸಹಿ ಹಾಕಿರ್ತಾರೆ. ಕರಾರು ಕಾಯ್ದೆಯ 128ನೇ ಸೆಕ್ಷನ್ ಪ್ರಕಾರ, ಕರಾರಿನಲ್ಲಿ ಬೇರೆ ರೀತಿ ಬರೆದಿಲ್ಲದಿದ್ದರೆ, ಜಾಮೀನುದಾರರ ಹೊಣೆ ನಿಮ್ಮ ಹೊಣೆಯಷ್ಟೇ. ಹಾಗಾಗಿ ಮನೇಲಿ ಹೇಳದೆ ಬಿಟ್ಟು ಬರೋದು ಬೇಡ. ಲಾಯರ್ ನೋಟಿಸ್ ಬಂದಾಗಲೇ ಅಪ್ಪನಿಗೆ ವಿಷಯ ಗೊತ್ತಾಗೋ ಹಾಗೆ ಆಗಬಾರದು.

3. ಕಾನೂನು ಏನನ್ನುತ್ತೆ?

"ಬಾಂಡ್ ಎಲ್ಲ ಸುಮ್ನೆ ಕಣೋ, ಕೋರ್ಟಲ್ಲಿ ನಿಲ್ಲಲ್ಲ" ಅಂತ ಸೀನಿಯರ್‌ಗಳು ಹೇಳ್ತಾರೆ. "ಸಹಿ ಹಾಕಿದ್ಮೇಲೆ ಮುಗೀತು" ಅಂತ ಎಚ್‌ಆರ್ ಹೇಳ್ತಾರೆ. ಎರಡೂ ಅರ್ಧ ಸತ್ಯ.

1872ರ ಭಾರತೀಯ ಕರಾರು ಕಾಯ್ದೆಯ 27ನೇ ಸೆಕ್ಷನ್ ಪ್ರಕಾರ ಒಬ್ಬರ ವೃತ್ತಿಯನ್ನೇ ತಡೆಯೋ ಕರಾರು ಅನೂರ್ಜಿತ. ಬಿಟ್ಟ ಮೇಲೆ ಎರಡು ವರ್ಷ ಇದೇ ಕ್ಷೇತ್ರದಲ್ಲಿ ಕೆಲಸ ಮಾಡಬಾರದು ಅನ್ನೋ ಷರತ್ತಿಗೆ ಬಲ ಇಲ್ಲ. ಆದರೆ ಇಷ್ಟು ಕಾಲ ಇರ್ತೀನಿ, ಇಲ್ಲದಿದ್ರೆ ಇಷ್ಟು ಹಣ ಕೊಡ್ತೀನಿ ಅನ್ನೋದು ಬೇರೆ.

ನಮ್ಮ ಬೆಂಗಳೂರಿನದೇ ಪ್ರಕರಣ ನೋಡಿ. ಇಲ್ಲೇ ಕೇಂದ್ರ ಕಚೇರಿ ಇದ್ದ ವಿಜಯಾ ಬ್ಯಾಂಕಿನ ಹಿರಿಯ ಹುದ್ದೆಯೊಂದಕ್ಕೆ 2007ರಲ್ಲಿ ಸೇರಿದ ಒಬ್ಬ ಅಧಿಕಾರಿ ಮೂರು ವರ್ಷ ತುಂಬೋ ಮೊದಲೇ, 2009ರಲ್ಲಿ ರಾಜೀನಾಮೆ ಕೊಟ್ಟರು. ಬಾಂಡ್ ಪ್ರಕಾರ 2 ಲಕ್ಷ ರೂಪಾಯಿ ಕಟ್ಟಿ, ಆಮೇಲೆ ಅದನ್ನ ಪ್ರಶ್ನಿಸಿದರು. ಕರ್ನಾಟಕ ಹೈಕೋರ್ಟ್ ಅವರ ಪರ ತೀರ್ಪು ಕೊಟ್ಟಿತು. ಆದರೆ 2025ರ ಮೇ 14ರಂದು ಸುಪ್ರೀಂ ಕೋರ್ಟ್ ಅದನ್ನ ತಿರುಗಿಸಿ, ಬಾಂಡ್ ಸರಿ ಅಂದಿತು. ಸಾರ್ವಜನಿಕ ವಲಯದ ಬ್ಯಾಂಕ್ ಜಾಹೀರಾತು ಕೊಟ್ಟು, ಆಯ್ಕೆ ನಡೆಸಿ ಜನ ತಗೋಬೇಕು, ಮಧ್ಯದಲ್ಲಿ ಬಿಟ್ಟರೆ ಮತ್ತೆ ಆ ಖರ್ಚು. ಹಿರಿಯ ಅಧಿಕಾರಿಯ ಸಂಬಳಕ್ಕೆ 2 ಲಕ್ಷ ಅತಿ ಅಲ್ಲ ಅನ್ನೋದು ಕಾರಣ. ಹಾಗಾಗಿ "ನಿಲ್ಲೋದೇ ಇಲ್ಲ" ಅನ್ನೋ ಮಾತನ್ನ ನಂಬಬೇಡಿ.

ಹಾಗಂತ ಬರೆದಷ್ಟೂ ಹಣ ಕಟ್ಟಲೇಬೇಕು ಅಂತಲೂ ಅಲ್ಲ. 74ನೇ ಸೆಕ್ಷನ್ ಪ್ರಕಾರ ಕರಾರಿನಲ್ಲಿ ಬರೆದ ಮೊತ್ತ ಗರಿಷ್ಠ ಮಿತಿ ಮಾತ್ರ. ಅದರೊಳಗೆ ನ್ಯಾಯವಾದ ಪರಿಹಾರವನ್ನಷ್ಟೇ ಕೋರ್ಟ್ ಕೊಡಿಸುತ್ತೆ. 2011ರಲ್ಲಿ ದೆಹಲಿ ಹೈಕೋರ್ಟ್ ಮುಂದೆ ಬಂದ ಸಿಕ್ಪಾ ಇಂಡಿಯಾ ಪ್ರಕರಣದಲ್ಲಿ ಉದ್ಯೋಗಿ ಮೂರು ವರ್ಷದಲ್ಲಿ ಎರಡು ವರ್ಷ ಕೆಲಸ ಮಾಡಿದ್ದರು. ಕಂಪನಿ ಮಾಡಿದ ಖರ್ಚು 67,596 ರೂಪಾಯಿ. ಕೋರ್ಟ್ ಕೊಡಿಸಿದ್ದು ಅದರ ಮೂರನೇ ಒಂದು ಭಾಗ, 22,532 ರೂಪಾಯಿ. ಲೆಕ್ಕ ಗೊತ್ತಾಯ್ತಲ್ಲ? ನಿಮಗೆ ಯಾವ ತರಬೇತಿಯನ್ನೂ ಕೊಡದ ಕಂಪನಿ 50,000 ಕೇಳಿದರೆ, "ಯಾವುದಕ್ಕೆ ಎಷ್ಟು ಖರ್ಚಾಯ್ತು ಸರ್?" ಅನ್ನೋದು ನ್ಯಾಯವಾದ ಪ್ರಶ್ನೆ.

ಇವೆರಡೂ ಉದ್ಯೋಗಿಗಳ ಪ್ರಕರಣ, ಇಂಟರ್ನ್‌ಗಳದ್ದಲ್ಲ ಅನ್ನೋದು ನೆನಪಿರಲಿ. ಇನ್ನೊಂದು ಮಾತು: ಕರಾರು ಮುರಿಯೋದು ಸಿವಿಲ್ ವಿಷಯ. ಬರೀ ಬಿಟ್ಟು ಹೋದದ್ದಕ್ಕೆ ಪೊಲೀಸ್ ಕೇಸ್ ಆಗಲ್ಲ. ಬಲವಂತವಾಗಿ ಕೂರಿಸಿ ಕೆಲಸ ಮಾಡಿಸಿ ಅಂತಲೂ ಕೋರ್ಟ್ ಹೇಳಲ್ಲ.

4. ಕ್ರಮ ಹೀಗಿರಲಿ

ಮೊದಲು ಡೈರಿ. ದಿನಾ ಎರಡು ಸಾಲು: ಏನು ಕೊಟ್ಟರು, ಏನು ಮಾಡಿದೆ. ಕಾಲೇಜಿನ ರಿಪೋರ್ಟಿಗೂ ಬೇಕು, ನಾಳೆ ಸಾಕ್ಷಿಗೂ ಬೇಕು.

ಆಮೇಲೆ ಮೆಂಟರ್ ಜೊತೆ ಮುಖಾಮುಖಿ ಮಾತಾಡಿ, ಅದೇ ದಿನ ಮೇಲ್ ಹಾಕಿ. ಉದಾಹರಣೆಗೆ:

"ಸರ್, ಇವತ್ತು ಮಾತಾಡಿದ್ದಕ್ಕೆ ಧನ್ಯವಾದ. ಆಫರ್ ಲೆಟರಿನಲ್ಲಿ ಎಂಬೆಡೆಡ್ ತಂಡ ಅಂತ ಇತ್ತು. ಆರು ವಾರದಿಂದ ಕಾಲಿಂಗ್ ಕೆಲಸದಲ್ಲಿದ್ದೇನೆ. ಕಾಲೇಜಿನ ಮೌಲ್ಯಮಾಪನಕ್ಕೆ ತಾಂತ್ರಿಕ ಕೆಲಸ ಬೇಕಿದೆ. ಮುಂದಿನ ಸೋಮವಾರದಿಂದ ಒಂದು ಚಿಕ್ಕ ಮಾಡ್ಯೂಲ್ ಕೊಡಲು ಸಾಧ್ಯವೇ?"

ಇದರಲ್ಲಿ ಜಗಳ ಇಲ್ಲ, ಆದರೆ ದಾಖಲೆ ಇದೆ. ಎಷ್ಟೋ ಸಲ ಇಷ್ಟಕ್ಕೇ ಕೆಲಸ ಬದಲಾಗುತ್ತೆ.

ಬದಲಾಗದಿದ್ರೆ ಕಾಲೇಜಿನ ಗೈಡ್ ಮತ್ತು ಪ್ಲೇಸ್‌ಮೆಂಟ್ ಸೆಲ್‌ಗೆ ತಿಳಿಸಿ. ಬಿಡೋ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: "ಮೇಡಂ, ಇಲ್ಲಿ ಆಗಿರೋ ವಾರಗಳು ಲೆಕ್ಕಕ್ಕೆ ಬರುತ್ತಾ? ಬೇರೆ ಕಡೆ ಮುಂದುವರಿಸಬಹುದಾ?" ಉತ್ತರ ಮೇಲ್‌ನಲ್ಲಿ ಬರಲಿ.

ಬಿಡೋದೇ ಅಂತಾದರೆ ನೋಟಿಸ್ ಕೊಟ್ಟು, ಪರಸ್ಪರ ಒಪ್ಪಿಗೆಯ ಬಿಡುಗಡೆ ಕೇಳಿ. ಕೆಲಸ ಒಪ್ಪಿಸಿ, ಲ್ಯಾಪ್‌ಟಾಪ್ ಮರಳಿಸಿದ್ದಕ್ಕೆ ರಸೀದಿ ತಗೊಳ್ಳಿ. ಬಾಕಿ ಏನಿಲ್ಲ ಅನ್ನೋ ಪತ್ರ ಸಿಕ್ಕರೆ ಬಾಂಡ್ ಚಿಂತೆ ಅಲ್ಲಿಗೆ ಮುಗೀತು.

ನೋಟಿಸ್ ಬಂದರೆ ಅದನ್ನ ಪಕ್ಕಕ್ಕಿಡಬೇಡಿ. ಕಾನೂನು ಸೇವಾ ಪ್ರಾಧಿಕಾರದ ಸಹಾಯವಾಣಿ 15100. ಮಹಿಳೆಯರು, ಪರಿಶಿಷ್ಟ ಜಾತಿ, ಪಂಗಡದವರು, ಅಂಗವಿಕಲರಿಗೆ ಆದಾಯ ಎಷ್ಟೇ ಇರಲಿ ಉಚಿತ ನೆರವು ಸಿಗುತ್ತೆ. ಉಳಿದವರಲ್ಲಿ ಹೆಚ್ಚಿನವರಿಗೆ ಆದಾಯ ಮಿತಿ ಇದೆ.

5. ಇವಿಷ್ಟು ಮಾಡಬೇಡಿ

- ಫೋನ್ ಆಫ್ ಮಾಡಿ ಮಾಯ ಆಗೋದು. ನ್ಯಾಯ ನಿಮ್ಮ ಕಡೆ ಇದ್ದರೂ ತಪ್ಪು ನಿಮ್ಮದಾಗಿ ಕಾಣುತ್ತೆ.
- ಕಂಪನಿ ಕೋಡ್ ಪೆನ್‌ಡ್ರೈವ್‌ಗೆ ಹಾಕ್ಕೊಳ್ಳೋದು, ಗಿಟ್‌ಹಬ್‌ಗೆ ಏರಿಸೋದು. 2000ದ ಐಟಿ ಕಾಯ್ದೆ ಇಲ್ಲಿ ಬರುತ್ತೆ; ಸಿವಿಲ್ ವಿಷಯ ಕ್ರಿಮಿನಲ್ ಆಗಬಹುದು.
- ಹೆದರಿ ಕೇಳಿದಷ್ಟು ಹಣ ಯುಪಿಐ ಮಾಡೋದು. ಕೊಡೋದಾದರೂ ಲಿಖಿತ ಬಿಡುಗಡೆ ಕೈಗೆ ಬಂದ ಮೇಲೆ.
- ಲಿಂಕ್ಡ್‌ಇನ್‌ನಲ್ಲಿ ಕಂಪನಿ ಹೆಸರು ಹಾಕಿ ಬೈಯೋದು.

ಇನ್ನೂ ಸಹಿ ಹಾಕದ ಜೂನಿಯರ್‌ಗಳಿಗೆ: ಬಾಂಡ್ ಕೈಗೆ ಕೊಟ್ಟಾಗ "ಒಂದು ದಿನ ಟೈಮ್ ಕೊಡಿ ಸರ್, ಮನೇಲಿ ಓದಿಸ್ಕೊಂಡು ಬರ್ತೀನಿ" ಅನ್ನಿ. ಒಂದು ದಿನವೂ ಕಾಯಲ್ಲ ಅನ್ನೋ ಕಂಪನಿ, 20 ವಾರ ನಿಮ್ಮನ್ನ ಹೇಗೆ ನೋಡ್ಕೊಳ್ಳುತ್ತೆ ಅಂತ ಅಲ್ಲೇ ಗೊತ್ತಾಗುತ್ತೆ.