ಎಲ್‌ಎಲ್‌ಸಿ: ಹೆಸರಿಟ್ಟರೆ ಸಾಲದು, ಕರಾರೂ ಬೇಕು



ಕೇಟರಿಂಗ್, ಕನ್ಸಲ್ಟಿಂಗ್, ನೃತ್ಯಶಾಲೆ ಎಂದು ನ್ಯೂಜೆರ್ಸಿಯಲ್ಲಿ ಸಣ್ಣ ವ್ಯವಹಾರ ಶುರು ಮಾಡುವ ನಮ್ಮವರಲ್ಲಿ ಅನೇಕರು ಆರಿಸಿಕೊಳ್ಳುವುದು ಲಿಮಿಟೆಡ್ ಲಯಬಿಲಿಟಿ ಕಂಪನಿ, ಅಂದರೆ ಎಲ್‌ಎಲ್‌ಸಿ. ಕಂಪನಿಯ ಸಾಲ ಮನೆಯ ಬಾಗಿಲಿಗೆ ಬರದಿರಲಿ ಎಂಬುದೇ ಇದರ ಉದ್ದೇಶ. ನಾನು ಕಂಡಂತೆ, ಹೆಸರಿನ ಚರ್ಚೆ ವಾರಗಟ್ಟಲೆ ನಡೆಯುತ್ತದೆ. ಪಾಲುದಾರರ ಕರಾರಿಗೆ ಒಂದು ಸಂಜೆಯೂ ಸಿಗುವುದಿಲ್ಲ. ಎರಡನ್ನೂ ನೋಡೋಣ.

1. ಹೆಸರು

ಹೆಸರಿನಲ್ಲಿ ಲಿಮಿಟೆಡ್ ಲಯಬಿಲಿಟಿ ಕಂಪನಿ ಅಥವಾ ಎಲ್‌ಎಲ್‌ಸಿ ಎಂದಿರಬೇಕು. ರಾಜ್ಯದ ದಾಖಲೆಯಲ್ಲಿ ಈಗಾಗಲೇ ಇರುವ ಹೆಸರುಗಳಿಗಿಂತ ಅದು ಬೇರೆಯಾಗಿರಬೇಕು. ನಮ್ಮ ಹೆಸರುಗಳನ್ನು ಇಂಗ್ಲಿಷ್‌ನಲ್ಲಿ ಎರಡು ಮೂರು ಬಗೆಯಲ್ಲಿ ಬರೆಯಬಹುದು. ಎಲ್ಲ ಬಗೆಯಲ್ಲೂ ಹುಡುಕಿ ನೋಡಿ. ರಾಜ್ಯ ಒಪ್ಪಿದ ಮಾತ್ರಕ್ಕೆ ಟ್ರೇಡ್‌ಮಾರ್ಕ್ ಹಕ್ಕು ಬರುವುದಿಲ್ಲ. ಸಿಹಿತಿಂಡಿ ಅಂಗಡಿಗೆ "ನಂದಿನಿ" ಎಂದಿಡುವ ಆಸೆಯಾಗಬಹುದು. ಆದರೆ ಅದು ಕರ್ನಾಟಕ ಹಾಲು ಮಹಾಮಂಡಳದ ಬ್ರಾಂಡ್ ಎಂಬುದು ನೆನಪಿರಲಿ. ಫೆಡರಲ್ ಟ್ರೇಡ್‌ಮಾರ್ಕ್ ಪಟ್ಟಿಯನ್ನೂ ನೋಡಿಕೊಳ್ಳಿ. ನೋಂದಣಿಗೆ 125 ಡಾಲರ್, ಆಮೇಲೆ ವಾರ್ಷಿಕ ವರದಿಗೆ 75 ಡಾಲರ್.

2. ಆಪರೇಟಿಂಗ್ ಅಗ್ರಿಮೆಂಟ್

ಇದನ್ನು ಸರಕಾರಕ್ಕೆ ಸಲ್ಲಿಸಬೇಕಿಲ್ಲ. ಬಾಯಿಮಾತಿನ ಒಪ್ಪಂದವನ್ನೂ ಕಾನೂನು ಮಾನ್ಯ ಮಾಡುತ್ತದೆ. ಆದರೆ ಜಗಳ ಬಂದಾಗ ಅದನ್ನು ಸಾಬೀತುಪಡಿಸುವುದು ಹೇಗೆ? ಕರಾರು ಹೇಳದ ಕಡೆ ರಾಜ್ಯದ ಕಾನೂನೇ ತೀರ್ಮಾನಿಸುತ್ತದೆ.

ಒಂದು ಉದಾಹರಣೆ. ಭಾವ 40,000 ಡಾಲರ್ ಹಾಕಿದರು, ಭಾವಮೈದುನ 10,000 ಹಾಕಿದ. ನಾಲ್ಕು ಪಾಲು ಲಾಭ ತಮಗೆ ಬರುತ್ತದೆಂದು ಭಾವನ ಲೆಕ್ಕ. ಆದರೆ 2014ರ ಮಾರ್ಚ್ 1ರಿಂದ ನ್ಯೂಜೆರ್ಸಿಯ ಎಲ್ಲ ಎಲ್‌ಎಲ್‌ಸಿಗಳಿಗೂ ಅನ್ವಯಿಸುವ ಕಾನೂನಿನಂತೆ, ಕರಾರಿಲ್ಲದಿದ್ದರೆ ಕಂಪನಿ ನಡೆಯುತ್ತಿರುವಾಗ ಹಂಚುವ ಹಣ ಇಬ್ಬರಿಗೂ ಸಮಪಾಲು. ಆಡಳಿತದಲ್ಲೂ ಸಮಾನ ಹಕ್ಕು. ಭಾವಮೈದುನನದು ತಪ್ಪಲ್ಲ; ಅವನು ಹಗಲಿರುಳು ಅಡುಗೆಮನೆಯಲ್ಲಿ ದುಡಿದಿರಬಹುದು. ದುಡ್ಡಿಗೆಷ್ಟು, ದುಡಿಮೆಗೆಷ್ಟು ಎಂದು ಮೊದಲೇ ಬರೆದಿಡಲಿಲ್ಲ, ಅಷ್ಟೆ.

ಕರಾರಿನಲ್ಲಿ ಇಷ್ಟಂತೂ ಇರಲಿ:

* ಯಾರು ಎಷ್ಟು ಹಾಕಿದರು, ಲಾಭನಷ್ಟ ಹಂಚುವುದು ಹೇಗೆ.
* ಚೆಕ್‌ಗೆ ಸಹಿ ಯಾರದು. ಸಾಲಕ್ಕೆ ಯಾರ ಒಪ್ಪಿಗೆ ಬೇಕು.
* ಇಬ್ಬರೇ ಇದ್ದು ಒಮ್ಮತ ಬಾರದಿದ್ದರೆ ಮುಂದೇನು.
* ಒಬ್ಬರು ಬಿಟ್ಟುಹೋದರೆ ಅವರ ಪಾಲಿಗೆ ಬೆಲೆ ಕಟ್ಟುವುದು ಹೇಗೆ, ಎಷ್ಟು ಕಂತಿನಲ್ಲಿ ಕೊಡುವುದು.
* ಪಾಲುದಾರರು ತೀರಿಕೊಂಡರೆ ಏನು. ಕರಾರಿಲ್ಲದಿದ್ದರೆ ಹೆಂಡತಿ ಮಕ್ಕಳಿಗೆ ಹಂಚಿಕೆಯ ಹಣ ಬರಬಹುದು. ಆಡಳಿತದಲ್ಲಿ ಮಾತಾಡುವ ಹಕ್ಕು ತಾನಾಗಿ ಬರುವುದಿಲ್ಲ.

ಕೊನೆಯ ಎರಡು ಅಂಶಗಳನ್ನು ಕೇಳಲು ನಮ್ಮವರಿಗೆ ಸಂಕೋಚ. "ನಮ್ಮ ನಮ್ಮಲ್ಲೇ ಇದೆಲ್ಲ ಯಾಕೆ?" ಎನ್ನುತ್ತಾರೆ. ನಮ್ಮ ನಮ್ಮಲ್ಲೇ ಆದ್ದರಿಂದಲೇ ಬೇಕು ಎನ್ನುತ್ತೇನೆ ನಾನು. ಪರರ ಜೊತೆ ಕೆಟ್ಟರೆ ವ್ಯವಹಾರ ಮಾತ್ರ ಹೋಗುತ್ತದೆ. ನೆಂಟರ ಜೊತೆ ಕೆಟ್ಟರೆ ಯುಗಾದಿಯ ಊಟವೂ ಹೋಗುತ್ತದೆ.

ಬೇರೆ ರಾಜ್ಯಗಳಲ್ಲಿ ನಿಯಮ ಬೇರೆ. ಎಚ್-1ಬಿ ವೀಸಾದಲ್ಲಿರುವವರು ಕಂಪನಿಯಲ್ಲಿ ಕೆಲಸಕ್ಕಿಳಿಯುವ ಮೊದಲು ವಲಸೆ ವಕೀಲರನ್ನು ಕಾಣಲೇಬೇಕು. ಕರಾರಿನ ಕರಡನ್ನು ನೀವೇ ಕುಳಿತು ಬರೆಯಿರಿ, ಸಹಿಗೆ ಮುನ್ನ ವಕೀಲರಿಗೆ ತೋರಿಸಿ.

ನಿಮ್ಮ ಉದ್ಯಮಕ್ಕೆ ಶುಭವಾಗಲಿ.