‘ಬೇಚಿರಾಕ್’ ಗ್ರಾಮ ಮತ್ತು ಬಸ್ಸಿನ ಕಾಲಂ: ಗಣತಿಯ ಹಳ್ಳಿಯನ್ನು ಓದುವ ಬಗೆ

ಕನ್ನಡದಲ್ಲಿ ನಡೆದಿರುವ ಗ್ರಾಮ ಅಧ್ಯಯನಗಳಿಗೆ ಜಿಲ್ಲಾ ಜನಗಣತಿ ಕೈಪಿಡಿಯು ಬಹುಮಟ್ಟಿಗೆ ಮೊದಲ ಪುಟದ ಆಕರ ಮಾತ್ರ. ಊರಿನ ಜನಸಂಖ್ಯೆ, ಬಸ್ಸಿನ ಸೌಕರ್ಯಗಳನ್ನು ಅಲ್ಲಿಂದ ಎತ್ತಿಕೊಂಡು ಸಂಶೋಧಕರು ಐತಿಹ್ಯಕ್ಕೋ ಜಾತ್ರೆಗೋ ದಾಟಿಬಿಡುತ್ತಾರೆ. ಪ್ರಸ್ತುತ ಲೇಖಕನೂ ಇದಕ್ಕೆ ಹೊರತಲ್ಲ. ಆದರೆ ಆ ಅಂಕಿಗಳು ಯಾವ ‘ಗ್ರಾಮ’ವನ್ನು ಕುರಿತು ಮಾತನಾಡುತ್ತವೆ ಎಂಬ ಪ್ರಶ್ನೆಯು ಭಾಷೆಯ ಪ್ರಶ್ನೆಯೂ ಹೌದು.

2011ರ ಗಣತಿಯಂತೆ ಕರ್ನಾಟಕದಲ್ಲಿ 29,340 ಗ್ರಾಮಗಳಿದ್ದವು. ಇವುಗಳಲ್ಲಿ ಜನವಸತಿ ಇದ್ದವು 27,397. ಉಳಿದ 1,943 ಗ್ರಾಮಗಳಲ್ಲಿ ಒಬ್ಬರೂ ವಾಸವಿರಲಿಲ್ಲ. ಇಂಥವನ್ನು ಕಂದಾಯ ದಫ್ತರವು ‘ಬೇಚಿರಾಕ್ ಗ್ರಾಮ’ ಎನ್ನುತ್ತದೆ. ಪಾರಸಿಯ ‘ಬೇ’ (ಇಲ್ಲದ) ಮತ್ತು ‘ಚಿರಾಗ್’ (ದೀಪ) ಸೇರಿ ಆದ ಈ ಪದಕ್ಕೆ ದೀಪವಿಲ್ಲದ ಊರು ಎಂಬುದೇ ಅರ್ಥ. ನಮ್ಮ ಆಡಳಿತ ಕನ್ನಡದಲ್ಲಿ ಇಷ್ಟು ಕಾವ್ಯಮಯವಾದ ಪದಗಳು ವಿರಳ. ದೀಪವಿಲ್ಲದಿದ್ದರೂ ಇವಕ್ಕೆ ಸೀಮೆಯುಂಟು, ಸರ್ವೆ ನಂಬರುಗಳುಂಟು, ಗಣತಿಯಲ್ಲಿ ಸ್ಥಾನವುಂಟು. ಇದಕ್ಕೆ ಪ್ರತಿಯಾಗಿ, ನೂರಾರು ದೀಪಗಳಿದ್ದರೂ ದಾಖಲೆಯಲ್ಲಿ ಹೆಸರಿಲ್ಲದ ತಾಂಡಾ, ಹಟ್ಟಿ, ದೊಡ್ಡಿ, ಹಾಡಿಗಳಿದ್ದವು. ಅವುಗಳ ಜನರು ಎಣಿಕೆಗೆ ಸೇರುತ್ತಿದ್ದರು. ಆದರೆ ಬೇರೊಂದು ಊರಿನ ಮೊತ್ತದೊಳಗೆ ಸೇರುತ್ತಿದ್ದರು.

ಸಾರಿಗೆಯ ಕಾಲಂನಲ್ಲಿ ಇದರ ಪರಿಣಾಮ ಸ್ಪಷ್ಟವಾಗುತ್ತದೆ. 2011ರ ಗ್ರಾಮ ನಿರ್ದೇಶಿಕೆಯು ಬಸ್ಸು ಇದೆಯೇ ಇಲ್ಲವೇ ಎಂದು ಹೇಳುತ್ತದೆ. ಇಲ್ಲವಾದರೆ ಅದು 5 ಕಿ.ಮೀ. ಒಳಗಿದೆಯೋ, 5ರಿಂದ 10ರ ನಡುವೆ ಇದೆಯೋ, 10ಕ್ಕಿಂತ ದೂರವೋ ಎಂಬುದನ್ನು ಅಕ್ಷರ ಸಂಕೇತದಿಂದ ಸೂಚಿಸುತ್ತದೆ. ಮೂಲ ಊರಿನ ಕಟ್ಟೆಯ ಬಳಿ ಬಸ್ಸು ನಿಂತರೆ ಸಾಕು, ಮೂರು ಮೈಲಿಯಾಚೆಯ ಹಟ್ಟಿಗೂ ‘ಇದೆ’ ಎಂದೇ ಉತ್ತರ. ದಿನಕ್ಕೆ ಒಮ್ಮೆ ಬರುವ ಬಸ್ಸಿಗೂ ಹತ್ತು ಸಲ ಬರುವ ಬಸ್ಸಿಗೂ ಈ ‘ಇದೆ’ಯಲ್ಲಿ ಭೇದವಿಲ್ಲ. ರಾತ್ರಿ ಊರಲ್ಲೇ ತಂಗಿ ನಸುಕಿನಲ್ಲಿ ಹೊರಡುವ ಬಸ್ಸು ಕಾಲೇಜಿಗೆ ಹೋಗುವ ಹುಡುಗಿಗೆ, ಸಂತೆಗೆ ತರಕಾರಿ ಒಯ್ಯುವವಳಿಗೆ ಏನೆಂಬುದು ಊರವರಿಗೆ ಗೊತ್ತು. 2023ರ ಜೂನ್ 11ರಂದು ಜಾರಿಗೆ ಬಂದ ‘ಶಕ್ತಿ’ ಯೋಜನೆಯ ಉಚಿತ ಪ್ರಯಾಣವೂ ಸರ್ಕಾರಿ ಬಸ್ಸು ಬರುವ ಊರಿಗಷ್ಟೇ ಅರ್ಥಪೂರ್ಣ. ಟಂಟಂ ನೆಚ್ಚಿಕೊಂಡ ತಾಂಡಾದ ಹೆಂಗಸರು ಬಸ್ಸಿನವರೆಗಿನ ದಾರಿಗೆ ಕಾಸು ಕೊಡಲೇಬೇಕು.

ಜನಸಂಖ್ಯೆಯೇ ರಸ್ತೆಯನ್ನು ನಿರ್ಧರಿಸುವ ಸಂದರ್ಭವೂ ಇದೆ. 2000ದ ಡಿಸೆಂಬರ್ 25ರಂದು ಆರಂಭವಾದ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯು ಕಂದಾಯ ಗ್ರಾಮವನ್ನು ಬಿಟ್ಟು ಜನವಸತಿಯನ್ನೇ ಘಟಕವಾಗಿ ಸ್ವೀಕರಿಸಿತು. ಇದು ಮೆಚ್ಚತಕ್ಕ ಕ್ರಮ. ಬಯಲು ಸೀಮೆಯಲ್ಲಿ 500 ಜನ, ಗುಡ್ಡಗಾಡು ರಾಜ್ಯಗಳು, ಮರುಭೂಮಿ ಹಾಗೂ ಐದನೆಯ ಅನುಸೂಚಿಯ ಬುಡಕಟ್ಟು ಪ್ರದೇಶಗಳಲ್ಲಿ 250 ಜನ ಎಂಬುದು ಮಿತಿ. 500 ಮೀಟರ್ ತ್ರಿಜ್ಯದೊಳಗಿನ ವಸತಿಗಳನ್ನು ಕೂಡಿಸಿ ಲೆಕ್ಕ ಹಾಕಲು ಅವಕಾಶವಿದೆ. ಆದರೆ ಮಲೆನಾಡು ಆ ವಿನಾಯಿತಿಯ ಯಾವ ವರ್ಗಕ್ಕೂ ಸೇರದು. ಕನ್ನಡದಲ್ಲಿ ಮಲೆಯ ನಾಡಾದುದು ಯೋಜನೆಯ ಪರಿಭಾಷೆಯಲ್ಲಿ ಬಯಲಾಗುತ್ತದೆ! ಒಂದು ತೋಟಕ್ಕೆ ಒಂದು ಮನೆ, ಅದರಾಚೆ ಒಂದು ಗದ್ದೆ ಬಯಲು, ಮತ್ತೆ ಒಂದು ಮನೆ ಎಂಬಂತಿರುವ ಕಡೆ ಅರ್ಧ ಕಿ.ಮೀ. ಸುತ್ತಿನಲ್ಲಿ 500 ಜನರನ್ನು ಎಲ್ಲಿಂದ ತರುವುದು? ಗುಂಪು ಮನೆಗಳ ಹಳ್ಳಿಯೇ ಹಳ್ಳಿ ಎಂಬ ಗ್ರಹಿಕೆ ಇಲ್ಲಿ ಕೆಲಸ ಮಾಡಿದೆ.

ಹೆಸರಿಲ್ಲದ ವಸತಿಗಳ ವಿಷಯದಲ್ಲಿ ಕರ್ನಾಟಕ ಭೂಸುಧಾರಣಾ ಕಾಯ್ದೆಗೆ ಸೇರಿದ 38-ಎ ಪ್ರಕರಣವು ಮುಖ್ಯವಾದುದು. ಅದರ ಬೆನ್ನಿಗೆ ಕಲಬುರಗಿ, ಯಾದಗಿರಿ, ರಾಯಚೂರು, ಬೀದರ್, ವಿಜಯಪುರ ಜಿಲ್ಲೆಗಳ ಸುಮಾರು 1,475 ದಾಖಲೆರಹಿತ ವಸತಿಗಳು ಕಂದಾಯ ಗ್ರಾಮಗಳೆಂದು ಘೋಷಿತವಾದವು. 2023ರ ಜನವರಿ 19ರಂದು ಮಳಖೇಡದಲ್ಲಿ ಅಲ್ಲಿನ ನಿವಾಸಿಗಳಿಗೆ ಹಕ್ಕುಪತ್ರಗಳನ್ನು ವಿತರಿಸಲಾಯಿತು. 2021ರಲ್ಲಿ ಗಣತಿ ನಡೆಯದ ಕಾರಣ 2011ರ ಕೈಪಿಡಿಗಳಲ್ಲಿ ಈ ಊರುಗಳನ್ನು ಹುಡುಕಿದರೆ ಸಿಗುವುದಿಲ್ಲ. ಅವನ್ನು ಕುರಿತು ಬರೆಯುವವರು ಮಾತೃಗ್ರಾಮದ ಅಂಕಿಗಳನ್ನು ಹಾಗೆಯೇ ಬಳಸದೆ, ಮನೆಮನೆಯ ಎಣಿಕೆ ಮತ್ತು ಬಸ್ಸು ನಿಲ್ಲುವ ಜಾಗದವರೆಗಿನ ಕಾಲ್ದಾರಿಯ ಅಳತೆಯನ್ನು ತಾವೇ ಮಾಡಿಕೊಳ್ಳಬೇಕಾಗುತ್ತದೆ.